ಹೊಳೆ ಬಿಟ್ಟು ಗುಡ್ಡ ಹತ್ತಿದ ದಾರಿ

"ಇಳಿಸ್ರೋ, ಇಳಿಸಿ! ನನ್ನ ಭುಜ ಕಿತ್ತು ಬಂತು!" ಎಂದು ರೆಮಿ ಕೂಗಿಕೊಂಡ ಮೇಲೆ ಶವಪೆಟ್ಟಿಗೆಯನ್ನು ಹತ್ತೊಂಬತ್ತನೆಯ ಮೆಟ್ಟಿಲ ಬಳಿಯ ಕಲ್ಲುಕಟ್ಟೆಯ ಮೇಲೆ ಇಳಿಸಲೇಬೇಕಾಯಿತು. ಇಗರ್ಜಿ ಇನ್ನೂ ನಲವತ್ತು ಮೆಟ್ಟಿಲು ಮೇಲಿತ್ತು. ಹೊತ್ತ ನಾಲ್ವರಲ್ಲಿ ಎಪ್ಪತ್ತಕ್ಕಿಂತ ಕಡಿಮೆ ವಯಸ್ಸಿನವನೆಂದರೆ ಗುಂಡಿ ತೋಡುವ ರೆಮಿ ಒಬ್ಬನೇ. ಅವನಿಗೂ ಅರವತ್ತೆಂಟು.

"ಅಬೆಲ್ ಇಷ್ಟು ಭಾರ ಅಂತ ಗೊತ್ತಿರಲಿಲ್ಲ," ಎಂದ ಒಬ್ಬ, ಏದುಸಿರು ಬಿಡುತ್ತ.

"ಇಷ್ಟು ವರ್ಷ ಲೂಸೆತ್ ಕೈಯಡುಗೆ ತಿಂದವನು. ಹಗುರ ಇರ್ತಾನಾ?" ಎಂದ ರೆಮಿ.

ಕಪ್ಪು ಕೋಟು ತೊಟ್ಟ ಲೂಸೆತ್ ನಾಲ್ಕು ಮೆಟ್ಟಿಲು ಕೆಳಗೆ, ಕಬ್ಬಿಣದ ಕಂಬಿ ಹಿಡಿದು ನಿಂತಿದ್ದಳು. ಲೋರ್ನ್ಯಾಕ್ ಊರಿನಲ್ಲಿ ಉಳಿದಿದ್ದ ಒಂದೇ ಊಟದ ಮನೆ ಅವಳದು. ಎಪ್ಪತ್ನಾಲ್ಕು ವರ್ಷದ ಮಂಡಿಗಳು ಅವಳ ಮಾತು ಕೇಳುತ್ತಿರಲಿಲ್ಲ. "ನನ್ನ ಅಡುಗೆಗೆ ಯಾಕೆ ಹೊರಿಸ್ತೀಯ ರೆಮಿ? ನಿನ್ನ ಭುಜಕ್ಕೆ ವಯಸ್ಸಾಯ್ತು ಅನ್ನು," ಎಂದಳು.

ಸೆಪ್ಟೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಸೆಲೇ ಹೊಳೆ, ಅದರ ದಡದ ಪಾಪ್ಲರ್ ಮರಗಳು, ಎದುರಿನ ಬಿಳಿ ಬಂಡೆ, ಎಲ್ಲವೂ ಹಾಲಿನೊಳಗೆ ಮುಳುಗಿ, ಊರು ಮಾತ್ರ ಯಾವುದಕ್ಕೂ ಅಂಟಿಕೊಳ್ಳದೆ ಮೇಲೆ ತೇಲುತ್ತಿತ್ತು. ಆ ಬಿಳುಪಿನೊಳಗಿನಿಂದ ಮೊದಲು ಒಂದು ಗಂಟೆಯ ಸದ್ದು, ಆಮೇಲೆ ಒಂದು ಹಳದಿ ಅಂಗಿ, ಅದರ ಹಿಂದೆ ಮತ್ತೆ ಮೂರು ಹೊರಬಂದವು. ಚಕ್ರದ ಎರಡೂ ಬದಿಗೆ ಚೀಲ ತೂಗುಹಾಕಿದ ನಾಲ್ಕು ಸೈಕಲ್ಲುಗಳು ಚೌಕದಲ್ಲಿ ನಿಂತವು. ಹಾಲೆಂಡಿನವರು, ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಎಲ್ಲರೂ ದೀಪದ ಕಂಬದ ಹಾಗೆ ಎತ್ತರ.

"ಕ್ಷಮಿಸಿ," ಎಂದ ಅವರಲ್ಲಿ ಹಿರಿಯ, ಹೆಲ್ಮೆಟ್ಟು ತೆಗೆದು. "ಮಠ... ಹಳೆಯ ಮಠಕ್ಕೆ... ಇದೇ ದಾರಿಯಾ?"

ಲೂಸೆತ್ ಅವನ ತೋಳನ್ನೂ ಕಾಲನ್ನೂ ಒಮ್ಮೆ ಅಳೆದು ನೋಡಿದಳು. "ಮಠ ಒಂಬೈನೂರು ವರ್ಷದಿಂದ ಅಲ್ಲೇ ಕೂತಿದೆ, ಎಲ್ಲೂ ಓಡಿಹೋಗಲ್ಲ. ಮೊದಲು ಇಲ್ಲಿ ಬಂದು ಒಂದು ಕೈ ಹಿಡೀರಿ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಯಾರೂ ಮತ್ತೊಮ್ಮೆ ಕೇಳಲಿಲ್ಲ. ಸೈಕಲ್ಲುಗಳನ್ನು ಕೊಳಾಯಿ ಕಟ್ಟೆಗೆ ಒರಗಿಸಿ ನಾಲ್ವರೂ ಮೇಲೆ ಬಂದರು. ಊರಿನ ಮುದುಕರು ಮುಂದೆ, ಹೊರಗಿನವರು ಹಿಂದೆ. ಅವರ ಬೂಟಿನಡಿಯ ಲೋಹ ಕಲ್ಲಿಗೆ ತಗಲಿ ಟಕ್ ಟಕ್ ಎನ್ನುತ್ತಿತ್ತು. ಆ ಸದ್ದಿನೊಂದಿಗೆ ಅಬೆಲ್ ದೆಲ್ಪೆಶ್ ಮಂಜಿನ ಮೇಲೆ ಮೇಲೆ ಏರುತ್ತ ಹೋದ.

"ಇದನ್ನ ನೋಡಿದ್ರೆ ನಗ್ತಿದ್ದ ಅವನು," ಎಂದ ರೆಮಿ.

"ಅಬೆಲ್ ನಕ್ಕಿದ್ದನ್ನ ಯಾವತ್ತು ನೋಡಿದ್ದೆ ನೀನು?" ಎಂದಳು ಲೂಸೆತ್.

"ಒಳಗೊಳಗೇ ನಗ್ತಿದ್ದ. ನಮಗೆ ಕಾಣ್ತಿರಲಿಲ್ಲ ಅಷ್ಟೆ."

*

ಇಪ್ಪತ್ತೊಂದು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಂಗಳವಾರ, ಅಬೆಲ್ ಎಂದಿನಂತೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಬೆಳ್ಳುಳ್ಳಿ ಸೂಪು ಕುಡಿಯುತ್ತಿದ್ದ. ರಸ್ತೆ ಇಲಾಖೆಯಲ್ಲಿ ಅವನ ಕೆಲಸ. ಗುಂಡಿ ಮುಚ್ಚುವುದು, ಚರಂಡಿ ತೆಗೆಯುವುದು, ಬೋರ್ಡು ನೆಡುವುದು. ಮದುವೆಯಾದವನಲ್ಲ. ಆ ಮಧ್ಯಾಹ್ನ ಊಟಕ್ಕೆ ಬಂದವನು ಅವನೊಬ್ಬನೇ. ಅದರ ಹಿಂದಿನ ದಿನವೂ ಅಷ್ಟೆ.

"ಅಬೆಲ್," ಎಂದಳು ಲೂಸೆತ್, ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ. ಗಂಡ ತೀರಿಕೊಂಡು ಆಗ ಆರು ವರ್ಷವಾಗಿತ್ತು. "ಈಸ್ಟರ್ ಕಳೆದ ಮೇಲೆ ಬಾಗಿಲು ಹಾಕ್ತೀನಿ. ಶಾಲೆ ಮುಚ್ಚಿದ್ರು, ಅಂಚೆ ಕಚೇರಿ ಮುಚ್ಚಿದ್ರು. ಇನ್ನು ನಾನು ಯಾರಿಗೆ ಅಂತ ಒಲೆ ಹಚ್ಚಲಿ? ತುಲೂಸ್‌ನಲ್ಲಿ ತಂಗಿ ಕರೀತಾ ಇದ್ದಾಳೆ."

ಅಬೆಲ್ ಚಮಚ ಕೆಳಗಿಟ್ಟ. ತಟ್ಟೆಯ ತಳದಲ್ಲಿ ಉಳಿದ ಸೂಪಿಗೆ ಕೆಂಪು ವೈನು ಸುರಿದುಕೊಂಡು, ಆ ಕಣಿವೆಯ ಗಂಡಸರೆಲ್ಲ ಮಾಡುವಂತೆ ತಟ್ಟೆಯನ್ನೇ ಎರಡು ಕೈಯಿಂದ ಎತ್ತಿ ಕುಡಿದ. ಕುಡಿಯುವಷ್ಟು ಹೊತ್ತು ತಟ್ಟೆ ಅವನ ಮುಖವನ್ನು ಮರೆಮಾಡಿತ್ತು.

"ಹಾಗಾ," ಎಂದ ಕೆಳಗಿಟ್ಟು. ಬಾಯಿ ಒರೆಸಿಕೊಂಡು, "ಸೂಪು ಚೆನ್ನಾಗಿತ್ತು ಲೂಸೆತ್. ನಿಮ್ಮ ಕೈ ಯಾವತ್ತೂ ತಪ್ಪಲ್ಲ," ಎಂದು ಟೋಪಿ ಹಾಕಿಕೊಂಡು ಹೋದ.

ಅವನು ಬೇರೆ ಏನಾದರೂ ಹೇಳುತ್ತಾನೆಂದು ಅವಳು ಬಾಗಿಲ ಕಡೆ ನೋಡುತ್ತ ನಿಂತಿದ್ದಳು. ಎಷ್ಟು ಹೊತ್ತು ಎಂಬುದು ಅವಳಿಗೂ ನೆನಪಿಲ್ಲ.

ಈಸ್ಟರಿಗೆ ಇನ್ನೂ ಒಂದು ವಾರವಿರುವಾಗ ಮೈಯೆಲ್ಲ ತೊಯ್ದ ಒಬ್ಬ ದಪ್ಪನೆಯ ಜರ್ಮನ್ ಗಂಡಸು ಸೈಕಲ್ಲು ತಳ್ಳಿಕೊಂಡು ಬಂದು, ಮಠ ಎಲ್ಲಿ ಎಂದು ಕೇಳಿದ. ಕೆಳಗಿನ ಕವಲಿನಲ್ಲಿ ಸೈಕಲ್ ದಾರಿಯ ಹಸಿರು ಬೋರ್ಡು ಈ ಕಡೆ ತೋರಿಸುತ್ತಿದೆ ಎಂದ. ಅವಳು ಒಲೆ ಹಚ್ಚಿದಳು. ಮರುದಿನ ಮೂವರು. ಬೇಸಿಗೆಗೆ ದಿನಕ್ಕೆ ಮೂವತ್ತು. ತುಲೂಸಿನ ತಂಗಿಗೆ, ಈ ಸೀಸನ್ ಮುಗಿಯಲಿ ಎಂದು ಬರೆದಳು. ಹಾಗೆಯೇ ಪ್ರತಿ ವರ್ಷ ಬರೆದಳು. ಅಟ್ಟದ ಮೇಲಿನ ಮೂರು ಕೋಣೆಗಳಿಗೆ ಹಾಸಿಗೆ ಬಂತು.

ಆದರೂ ಬೈಗುಳ ನಿಲ್ಲಲಿಲ್ಲ. "ಯಾವ ಕತ್ತೆ ಆಫೀಸಿನಲ್ಲಿ ಕೂತು ಈ ಗೆರೆ ಎಳೆಯಿತೋ! ಹೊಳೆ ಪಕ್ಕ ಅಂಗೈಯಂಥ ಸಪಾಟು ದಾರಿ ಇದೆ, ಜನರನ್ನ ಗುಡ್ಡ ಹತ್ತಿಸ್ತಾನಲ್ಲ!" ಎಂದು ಪ್ರತಿ ಬೇಸಿಗೆಯೂ ಅಬೆಲ್‌ನ ಮುಂದೆ ಕೂಗಾಡುತ್ತಿದ್ದಳು.

"ಕತ್ತೆಯೇ ಇರಬೇಕು," ಎಂದು ಅಬೆಲ್ ಒಪ್ಪಿಕೊಳ್ಳುತ್ತಿದ್ದ.

*

ಪಾದ್ರಿಗೆ ಹದಿನೆಂಟು ಊರು. ಪೂಜೆ ಬೇಗ ಮುಗಿಯಿತು. ಮಣ್ಣಿಗೆ ಕೊಟ್ಟು ಬಂದವರಿಗೆ ಲೂಸೆತ್‌ಳ ಮನೆಯಲ್ಲೇ ಊಟ. ಹಾಲೆಂಡಿನವರೂ ಕೂತರು. ಬಾತುಕೋಳಿಯ ಮಾಂಸ, ಮೇಕೆ ಹಾಲಿನ ಚೀಸು, ಅಕ್ರೋಟಿನ ಎಣ್ಣೆ ಬೆರೆಸಿದ ಸೊಪ್ಪು. ಹೊರಗೆ ಮಂಜು ಹರಿದು, ಕಣಿವೆ ತುಂಡು ತುಂಡಾಗಿ ಕಾಣತೊಡಗಿತ್ತು.

ಬಾಗಿಲ ಹತ್ತಿರ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಲೋಟ ಮುಟ್ಟದೆ ನಿಂತಿದ್ದಳು. ಲೂಸೆತ್ ಬ್ರೆಡ್ಡಿನ ಬುಟ್ಟಿ ಹಿಡಿದು ಹೋದಳು. "ಯಾರ ಮಗಳಮ್ಮ ನೀನು?"

"ನನ್ನ ಹೆಸರು ಕ್ಯಾಪುಸಿನ್, ಮದಾಮ್. ರಸ್ತೆ ಇಲಾಖೆ. ಮೊಸ್ಯೋ ದೆಲ್ಪೆಶ್ ನಮ್ಮಲ್ಲಿ ಮೂವತ್ತೆಂಟು ವರ್ಷ ಇದ್ದವರು..."

"ಇಲಾಖೆಯವಳಾ!" ಲೂಸೆತ್ ಅವಳ ಮೊಣಕೈ ಹಿಡಿದು ನಡುಮನೆಗೆ ಎಳೆತಂದಳು. "ಕೇಳ್ರಪ್ಪಾ, ಕಡೆಗೂ ಒಬ್ಬರು ಸಿಕ್ಕಿದ್ರು! ಹೇಳು ತಾಯಿ, ಸೈಕಲ್ ದಾರೀನ ಈ ಬಂಡೆ ಮೇಲೆ ತಂದ ಕತ್ತೆ ಯಾರು? ಇನ್ನೂ ಬದುಕಿದಾನಾ?"

ಎಲ್ಲರೂ ನಕ್ಕರು. ಕ್ಯಾಪುಸಿನ್ ನಗಲಿಲ್ಲ. "ಅವರು ನಿಮಗೆ ಹೇಳಲಿಲ್ವಾ?" ಎಂದಳು ಮೆಲ್ಲಗೆ. "ನಾನೇ ಹೇಳ್ತೀನಿ ಅಂದಿದ್ರು."

"ಯಾರು?"

"ಮೊಸ್ಯೋ ದೆಲ್ಪೆಶ್."

ನಗು ಒಂದೊಂದು ಮೇಜಿನಿಂದಲೂ ಆರಿತು. ಕ್ಯಾಪುಸಿನ್ ನಿಂತಲ್ಲೇ ಹೇಳಿದಳು. ಈ ವಸಂತದಲ್ಲಿ ಬೋರ್ಡುಗಳನ್ನೆಲ್ಲ ಬದಲಾಯಿಸಬೇಕಿತ್ತು. ಹಳೆಯ ನಕ್ಷೆ ತೆಗೆದು ನೋಡಿದರೆ ದಾರಿ ಎಲ್ಲಿಯೂ ಹೊಳೆಯ ದಡ ಬಿಡುವುದೇ ಇಲ್ಲ. ಆ ಭಾಗದ ಬೋರ್ಡು ನೆಟ್ಟವರು ಯಾರೆಂದು ಹುಡುಕಿ ಫೋನು ಮಾಡಿದಳು. ಮರುದಿನ ಅಬೆಲ್ ಟೋಪಿ ಕೈಯಲ್ಲಿ ಹಿಡಿದು ಕಚೇರಿಗೆ ಬಂದ.

"ತಪ್ಪಾಗಿದ್ದಲ್ಲ, ಬೇಕಂತಲೇ ಮಾಡಿದ್ದು ಅಂದ್ರು. ಯಾಕೆ ಅಂತ ಕೇಳಿದೆ. ಮೇಲೆ ಒಬ್ಬರು ಬಾಗಿಲು ಹಾಕೋದ್ರಲ್ಲಿದ್ರು ಅಂದ್ರು. ಅಷ್ಟೇ. ಶರತ್ಕಾಲದವರೆಗೆ ಬೋರ್ಡು ಮುಟ್ಟಬೇಡಿ, ಡಾಕ್ಟರು ನನಗೆ ಅಷ್ಟೇ ಗಡುವು ಕೊಟ್ಟಿದ್ದಾರೆ, ಆಮೇಲೆ ಏನು ಮಾಡಬೇಕು ಅಂತ ಊಟದ ಮನೆಯವರನ್ನೇ ಕೇಳಿ ಅಂದ್ರು." ಅವಳ ಧ್ವನಿ ಇನ್ನೂ ತಗ್ಗಿತು. "ಅದಕ್ಕೇ ಬಂದೆ, ಮದಾಮ್. ಇವತ್ತೇ ಹೇಳಬೇಕಾಗುತ್ತೆ ಅಂದ್ಕೊಂಡಿರಲಿಲ್ಲ."

ಲೂಸೆತ್ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಹೊರಗೆ ನಡೆದಳು.

*

ಈ ಜುಲೈನಲ್ಲಿ ಒಂದು ದಿನ ಅಬೆಲ್ ಸೂಪು ಪೂರ್ತಿ ಕುಡಿದಿರಲಿಲ್ಲ. ಅಂಗಿಯ ಕಾಲರು ಅವನ ಸೊರಗಿದ ಕುತ್ತಿಗೆಗೆ ದೊಡ್ಡದಾಗಿಬಿಟ್ಟಿತ್ತು. "ಲೂಸೆತ್," ಎಂದ. "ನಿಮ್ಮ ಹತ್ತಿರ ಒಂದು ಮಾತಿತ್ತು."

ಅವಳು ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಹಾಗೆ ಕೂತದ್ದು ಅದೇ ಮೊದಲು. ಕಿಟಕಿಯಾಚೆ ಹಕ್ಕಿಗಳು ಬಂಡೆಯ ಅಂಚಿನಲ್ಲಿ ಸುತ್ತುತ್ತಿದ್ದವು. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಬೀದಿಯಲ್ಲಿ ಗಂಟೆಗಳ ಗದ್ದಲ. ಹನ್ನೆರಡು ಜನ ಬೆವರುತ್ತ, ನಗುತ್ತ, ನೀರು ನೀರು ಎನ್ನುತ್ತ ಒಳನುಗ್ಗಿದರು.

"ಆಮೇಲೆ ಹೇಳಿ ಅಬೆಲ್, ಇವರನ್ನ ನೋಡ್ಬಿಡ್ತೀನಿ," ಎಂದು ಎದ್ದಳು ಲೂಸೆತ್.

"ಹೂಂ. ಆಮೇಲೆ," ಎಂದ ಅವನು. ಬಂದವರ ಸದ್ದನ್ನು ಕೇಳುತ್ತ, ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದ. ಅವನ ಮುಖದಲ್ಲಿ ನೆಮ್ಮದಿಯಿತ್ತು.

*

ಸ್ಮಶಾನದಲ್ಲಿ ಗುಂಡಿಗೆ ಮಣ್ಣು ಎಳೆಯುತ್ತಿದ್ದ ರೆಮಿ, ಲೂಸೆತ್ ಬರುವುದನ್ನು ಕಂಡು ಸಲಿಕೆ ಬದಿಗಿಟ್ಟು ಗೋಡೆಯಾಚೆ ಹೋದ. ಆದರೂ ಕೇಳಿಸಿತು.

"ಹೋಗಬೇಡ ಅನ್ನೋಕೆ ಏನಾಗಿತ್ತು ನಿನಗೆ?"

ನಲವತ್ತು ವರ್ಷ ನೀವು ಎಂದು ಕರೆದ ಬಾಯಿ ಅದು. ರೆಮಿ ಗೋಡೆಗೆ ಇನ್ನಷ್ಟು ಒತ್ತಿ ನಿಂತ.

"ಒಂದೇ ಮಾತು. ಬಾಗಿಲಲ್ಲಿ ನಿಂತು ನೋಡ್ತಿದ್ದೆ ನಾನು, ತಿರುಗ್ತೀಯ ಅಂತ. ಮಾತು ಬರಲ್ಲ ಅಂತ ರಸ್ತೇನ ತಿರುಗಿಸಿದ್ಯಲ್ಲೋ! ಊರೂರಿನವರ ಕೈಲಿ ಗುಡ್ಡ ಹತ್ತಿಸಿದೆ. ತಂಗಿ ನನ್ನ ದಾರಿ ಕಾಯ್ತಾ ಕಾಯ್ತಾನೇ ಹೋದಳು. ಕತ್ತೆ ಅಂತ ನಿನ್ನೆದುರಿಗೇ ಬೈತಿದ್ದೆ, ಕೂತು ಹೂಂಗುಡ್ತಿದ್ದೆ..."

ರೆಮಿ ಮೆಲ್ಲಗೆ ತಲೆಯೆತ್ತಿದ. ಇಣುಕಿ ನೋಡಿದರೆ ಲೂಸೆತ್ ಹಸಿ ಮಣ್ಣಿನ ಪಕ್ಕ ಕೂತು, ಅದರಲ್ಲಿ ಸಿಕ್ಕಿದ್ದ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕುತ್ತಿದ್ದಳು.

ಎದ್ದವಳು ನೇರ ಕ್ಯಾಪುಸಿನ್‌ಳ ಕಾರಿನ ಬಳಿ ಬಂದು ಬಾಗಿಲು ತೆಗೆದು ಕೂತಳು. "ನಡಿ. ಆ ಕವಲು ತೋರಿಸು."

ಇಳಿಜಾರಿನ ಏಳು ತಿರುವು ಮುಗಿದಾಗ ಹೊಳೆ ಎದುರಾಯಿತು. ಬಿಸಿಲಿಗೆ ಮಂಜಿನ ಕೊನೆಯ ಎಳೆಗಳು ನೀರಿನ ಮೇಲೆ ನಡೆದುಹೋಗುತ್ತಿದ್ದವು. ಬಲಕ್ಕೆ ಪಾಪ್ಲರ್ ಮರಗಳ ನಡುವೆ ದಾರಿ ಮಲಗಿದಂತೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಮಠದ ಗೋಪುರ ನಿದ್ದೆಯಲ್ಲಿ ಕಂಡಂತೆ ನಿಂತಿತ್ತು. ಲೂಸೆತ್ ಎರಡೂ ಕಡೆ ನೋಡಿದಳು.

"ಎರಡು ಬಾಣ ಹಾಕು," ಎಂದಳು. "ಹೊಳೆ ದಾರಿ ಮೂರು ಕಿಲೋಮೀಟರ್, ಗುಡ್ಡದ ದಾರಿ ಒಂಬತ್ತು. ನಿಜ ಬರಿ. ಬರೋರು ಬರ್ಲಿ, ಹೋಗೋರು ಹೋಗ್ಲಿ."

"ಸೋಮವಾರವೇ ಹಾಕಿಸ್ತೀನಿ, ಮದಾಮ್."

ಅಷ್ಟರಲ್ಲಿ ಹೊಳೆಯ ಕಡೆಯಿಂದ ಒಂಟಿ ಹೆಂಗಸೊಬ್ಬಳು ಸೈಕಲ್ಲಿನಲ್ಲಿ ಬಂದಳು. ಐವತ್ತು ದಾಟಿದವಳು, ತುಂಬಿದ ಚೀಲಗಳು, ಬಿಸಿಲಿಗೆ ಕೆಂಪಾದ ಮೂಗು. ಬೋರ್ಡನ್ನು ನೋಡಿದಳು, ಏರನ್ನು ನೋಡಿದಳು, ಬಾಯಿಂದ ಗಾಳಿ ಊದಿದಳು.

"ಮಠಕ್ಕಾ?" ಲೂಸೆತ್ ಕೇಳಿದಳು. "ಆ ಬೋರ್ಡು ನಂಬಬೇಡಿ. ಹೊಳೆ ಹಿಡಿದು ಹೋದ್ರೆ ಕಾಲು ಗಂಟೆ."

"ಓ. ಹಾಗಾದ್ರೆ ಮೇಲೆ ಏನಿದೆ?"

ಲೂಸೆತ್ ಮೇಲೆ ನೋಡಿದಳು. ಬಂಡೆಯ ನೆತ್ತಿಯಲ್ಲಿ ಹತ್ತಾರು ಹೆಂಚಿನ ಮಾಡು, ಒಂದು ಹೊಗೆಯ ಗೆರೆ.

"ಏನೂ ಇಲ್ಲ," ಎಂದಳು. "ನಮ್ಮ ಮನೆ ಇದೆ. ಇವತ್ತು ಒಬ್ಬರನ್ನ ಮಣ್ಣಿಗೆ ಕೊಟ್ವಿ, ಊಟ ಇದೆ." ತಡೆದು, ಕಷ್ಟಪಟ್ಟು ಹುಡುಕಿದಂತೆ, "ಬನ್ನಿ," ಎಂದಳು.

ಆ ಹೆಂಗಸು ಸಪಾಟು ದಾರಿಯನ್ನು ಒಮ್ಮೆ ನೋಡಿ, ಹ್ಯಾಂಡಲ್ಲನ್ನು ಗುಡ್ಡದ ಕಡೆ ತಿರುಗಿಸಿದಳು.

ಕ್ಯಾಪುಸಿನ್ ಕಾರಿನ ಬಾಗಿಲು ತೆರೆದು ಹಿಡಿದಿದ್ದಳು. ಲೂಸೆತ್ ಆ ಕಡೆ ತಿರುಗದೆ ಸೈಕಲ್ಲಿನ ಹಿಂದೆಯೇ ನಡೆದಳು. ಮೊದಲ ತಿರುವಿನಲ್ಲಿ ಚಕ್ರ ಓಲಾಡಿ ನಿಲ್ಲುವಂತಾದಾಗ ಕಪ್ಪು ಕೋಟಿನ ತೋಳೊಂದು ಮುಂದೆ ಚಾಚಿತು. ಮಣ್ಣು ಮೆತ್ತಿದ ಅಂಗೈ ಅಪರಿಚಿತಳ ಬೆವೆತ ಬೆನ್ನಿನ ಮೇಲೆ ಅಗಲವಾಗಿ ಕೂತು, ಅವಳನ್ನು ಮೇಲಕ್ಕೆ ತಳ್ಳತೊಡಗಿತು.