ನಲ್ಲಿಗೆ ಬಂದ ಪ್ರಶಸ್ತಿ

ಕುರಿತಲೆಯ ಎಡಗಣ್ಣು ಅರ್ಧ ತೆರೆದೇ ಬೆಂದಿದೆ, ಅದರ ಅಂಚಿನಲ್ಲೊಂದು ನೊಣ ಕೂತು ಕಾಲು ಉಜ್ಜಿಕೊಳ್ಳುತ್ತಿದೆ, ಯಾರೂ ಓಡಿಸುತ್ತಿಲ್ಲ, ಕಂಡಿಲ್ಲವೋ ಕಂಡೂ ಕಾಣದ ಹಾಗಿದ್ದಾರೋ, ಈ ಊರಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ — ತಟ್ಟೆ ಕೈಯಿಂದ ಕೈಗೆ ದಾಟುತ್ತ ಬಾಗಿಲಿಗೆ ಎದುರಾದ ಗೋಡೆಯ ಕಡೆಗೆ, ಹಿರಿಯರ ಜಾಗಕ್ಕೆ ಹೋಗಿ ನಿಂತಿತು, ಅಲ್ಲಿ ಎರಡು ದಿಂಬಿಗೆ ಒರಗಿ ಕೂತವನು ಇಸ್ಮಾನಲಿ, ಗ್ರಾಮಾಡಳಿತದ ಅಧ್ಯಕ್ಷ, ತಲೆ ಅವನಿಗೇ ಸಲ್ಲಬೇಕು, ದೊಡ್ಡ ಅತಿಥಿಗಲ್ಲದೆ ಇನ್ಯಾರಿಗೆ, ಆದರೆ ಬುರುಲ್‌ಗೆ ಬರುತ್ತಿರುವುದು ನಗುವೋ ಬೈಗುಳವೋ ಅವಳಿಗೇ ತಿಳಿಯದು, ಯಾಕೆಂದರೆ ಈ ಔತಣ ನಡೆಯುತ್ತಿರುವುದು ಅವಳಿಗೆ ಬಂದ ಪ್ರಶಸ್ತಿಗೆ, ಪ್ರಶಸ್ತಿ ಬಂದದ್ದು ಅವಳ ವರದಿಗೆ, ವರದಿ ಬರೆದದ್ದು ಇದೇ ಇಸ್ಮಾನಲಿಯ ಮೇಲೆ. ಅಪಾ, ಅವನನ್ನೂ ಕರೆದೆಯಾ, ಎಂದು ಬೆಳಿಗ್ಗೆ ತಾಯಿಯನ್ನು ಕೇಳಿದಾಗ ತಾಯಿ ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು — ಕರೀದೇ ಮತ್ತೆ, ಊರ ಹಿರೀಕನ್ನ ಬಿಟ್ಟು ಕುರಿ ಕುಯ್ಯೋಕಾಗತ್ತಾ, ನಾಳೆ ನಾನು ಸತ್ತರೆ ಮಣ್ಣು ಮಾಡೋಕೆ ನಾಲ್ಕು ಜನ ಬೇಡ್ವಾ — ಆದರೆ ಅಪಾ, ನಾನು ಬರೆದದ್ದು ಅವನ ಬಗ್ಗೇನೇ — ಗೊತ್ತು ಕಣೇ, ನನಗೂ ಓದೋಕೆ ಬರತ್ತೆ, ಅದಕ್ಕೇ ಕರೀಲೇಬೇಕು, ಅಂದಿದ್ದಳು, ಅಂದು ಮತ್ತೆ ಹಿಟ್ಟಿಗೆ ಕೈ ಹಾಕಿದ್ದಳು, ಹಿಟ್ಟು ನಾದುವಾಗ ಅವಳ ಭುಜಗಳು ಹೇಳುತ್ತಿದ್ದವು, ಮಾತು ಮುಗೀತು. ಹೌದು, ಎಲ್ಲರ ಮಾತೂ ಮುಗಿಯುತ್ತದೆ, ಮುಗಿಯದಿರುವುದು ತನ್ನದೊಂದೇ, ತಲೆಯೊಳಗೆ ಗಿರಣಿಯ ಹಾಗೆ ತಿರುಗುತ್ತಲೇ ಇದೆ, ಆ ನೊಣವನ್ನಾದರೂ ಯಾರಾದರೂ ಓಡಿಸಬಾರದೇ.

ಗಾಜಿನ ಫಲಕ ಹೆಂಗಸರ ಸಾಲಿನಲ್ಲಿ ಸುತ್ತುತ್ತಿದೆ, ಮಡಿಲಿನಿಂದ ಮಡಿಲಿಗೆ, ಒಬ್ಬಳು ಅದನ್ನು ಕೂಸಿನ ಹಣೆಗೆ ಸವರುತ್ತಾಳೆ — ಅಂಟಲಿ ನಿನಗೂ, ನೀನೂ ಬಿಷ್ಕೆಕ್‌ಗೆ ಹೋಗು, ಟಿವೀಲಿ ಬಾ — ಕೂಸು ಗಾಜನ್ನು ನೆಕ್ಕುತ್ತಿದೆ, ಫಲಕದ ಮೇಲೆ ಕೊರೆದ ಅಕ್ಷರ ನೆಕ್ಕುತ್ತಿದೆ, ಸ್ಥಳೀಯ ತನಿಖಾ ವರದಿಗಾರಿಕೆಗೆ, ನೆಕ್ಕಲಿ, ಅದರಿಂದಾಗುವ ಉಪಯೋಗ ಅಷ್ಟೇ. ರಾಜಧಾನಿ ಬಿಷ್ಕೆಕ್‌ನ ಆ ಸಭಾಂಗಣ, ಕಾಲು ಹೂತುಹೋಗುವಂಥ ಜಮಖಾನ, ಮೇಜು ಮೇಜಿಗೂ ನೀರಿನ ಬಾಟಲಿಗಳು, ಅರ್ಧ ಕುಡಿದು ಬಿಟ್ಟವು, ಮುಚ್ಚಳ ತೆಗೆದು ಮರೆತವು, ನಿರೂಪಕ ಅವಳ ಊರಿನ ಹೆಸರನ್ನು ಎರಡು ಸಲ ತಪ್ಪಾಗಿ ಓದಿದ, ಮೂರನೆಯ ಸಲ ದಕ್ಷಿಣದ ಒಂದು ಹಳ್ಳಿ ಎಂದು ಬಿಟ್ಟ, ಆಮೇಲೆ ಹಜಾರದಲ್ಲಿ ತೀರ್ಪುಗಾರ್ತಿಯೊಬ್ಬಳು ಮೈಕ್ ಹಿಡಿದು, ನಿಮ್ಮ ವರದಿಯಿಂದ ಏನು ಬದಲಾಯಿತು ಹೇಳಿ, ಎಂದಾಗ ಬುರುಲ್ — ನನಗೆ ಪ್ರಶಸ್ತಿ ಬಂತು, ಅಂದಳು, ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು, ಎಷ್ಟು ಚೂಟಿ ಹುಡುಗಿ ಅಂದರು, ಅವಳು ಚೂಟಿಯಾಗಿ ಏನೂ ಹೇಳಿರಲಿಲ್ಲ, ಇದ್ದದ್ದನ್ನೇ ಹೇಳಿದ್ದಳು. ವರದಿಯಲ್ಲಿ ಬರೆದದ್ದೂ ಇದ್ದದ್ದನ್ನೇ, ಬೀದಿಗೊಂದು ನಲ್ಲಿ, ಹಸಿರು ಬಣ್ಣ, ಸಿಮೆಂಟಿನ ಕಟ್ಟೆ, ಉದ್ಘಾಟನೆಯ ದಿನ ರಿಬ್ಬನ್ನು, ಕ್ಯಾಮೆರಾ, ಟ್ಯಾಂಕರಿನಿಂದ ಒಂದು ನಲ್ಲಿಯ ಹಿಂಬದಿಗೆ ರಬ್ಬರ್ ಪೈಪು ಸಿಕ್ಕಿಸಿ ನೀರು ಬಿಟ್ಟರು, ಇಸ್ಮಾನಲಿ ಬೊಗಸೆ ಒಡ್ಡಿ ಕುಡಿದ, ಫೋಟೋ ಬಂತು, ಟ್ಯಾಂಕರ್ ಹೋಯಿತು, ನೀರೂ ಹೋಯಿತು, ಮಕ್ಕಳು ಮತ್ತೆ ಕಾಲುವೆಗೆ, ಹೆಂಗಸರು ಮತ್ತೆ ಕತ್ತೆಯ ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಬೇಸಿಗೆ ಬಂದಾಗ ಮೇಲಿನ ಬೀದಿಯ ಮಕ್ಕಳ ಕಣ್ಣೆಲ್ಲ ಹಳದಿ, ಅವಳ ಅಣ್ಣನ ಮಗಳ ಕಣ್ಣೂ, ಏಪ್ರಿಕಾಟ್ ಹಣ್ಣಿನ ಹಳದಿ. ಆಗ ಒಂದು ದಿನ ಸಿಟ್ಟಿಗೆ ಮನೆ ಮುಂದಿನ ನಲ್ಲಿಯನ್ನು ಹಿಡಿದು ಅಲ್ಲಾಡಿಸಿದ್ದಳು, ಅದು ಕೈಗೇ ಬಂತು, ಮೂಲಂಗಿ ಕಿತ್ತ ಹಾಗೆ, ಬುಡದಲ್ಲಿ ಮೊಳದುದ್ದ ಕೊಳವೆ, ಅದರಾಚೆ ಮಣ್ಣು, ಮಣ್ಣಿನಲ್ಲಿ ಒಂದು ಎರೆಹುಳ ಬೆಳಕಿಗೆ ಹೆದರಿ ಸುರುಳಿ ಸುತ್ತಿಕೊಂಡಿತು, ಪಾಪ, ಅದೊಂದೇ ಆ ಯೋಜನೆಯಲ್ಲಿ ನಾಚಿಕೊಂಡ ಜೀವ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಊರಿನ ಚಿಲುಮೆಯನ್ನು ಒಂದು ಸರ್ಪ ಕಾಯುತ್ತಿತ್ತು, ಹುಡುಗಿಯೊಬ್ಬಳು ಹೋಗಿ ಅದರ ನಿಜವಾದ ಹೆಸರನ್ನು ಎಲ್ಲರೆದುರು ಕೂಗಿ ಹೇಳಿದಳು, ಹೇಳಿದ ಕೂಡಲೇ ಸರ್ಪ ಸತ್ತಿತು, ನೀರು ಧುಮುಕಿತು, ತಾನೂ ಹೆಸರು ಹೇಳಿದಳಲ್ಲ, ಎಲ್ಲರೆದುರು, ಪತ್ರಿಕೆಯಲ್ಲಿ, ಫೋಟೋ ಸಮೇತ — ಸರ್ಪ ಊಟಕ್ಕೆ ಬಂದಿದೆ.

ಬಾಗಿಲ ಬಳಿ, ಎಲ್ಲರಿಗಿಂತ ಕೆಳಗಿನ ಜಾಗದಲ್ಲಿ, ಗುಲ್‌ಸುನ್ ಎಜೆ ಕೂತು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಾಳೆ, ಎಜೆ ಅಂದರೆ ಅಕ್ಕ, ಊರಿಗೆಲ್ಲ ಅಕ್ಕ, ತಲೆ ಎತ್ತುತ್ತಿಲ್ಲ, ಅವಳು ಬರುವುದೇ ಇಲ್ಲವೆಂದುಕೊಂಡಿದ್ದಳು ಬುರುಲ್, ಬಂದಳು, ಹೊಸ ತಲೆವಸ್ತ್ರ ಕಟ್ಟಿಕೊಂಡು, ಕೈಯಲ್ಲೊಂದು ರೊಟ್ಟಿ ಹಿಡಿದುಕೊಂಡು, ನಿನ್ನ ಹಬ್ಬ ಕಣೇ, ಬರದೇ ಇರ್ತೀನಾ, ಅಂದಳು. ಬೀದಿಯ ಬಾಗಿಲೆಲ್ಲ ಮುಚ್ಚಿಕೊಂಡಿದ್ದ ದಿನ ಕ್ಯಾಮೆರಾ ಮುಂದೆ ನಿಂತವಳು ಇವಳೊಬ್ಬಳೇ, ಶಿಶುವಿಹಾರದ ಅಡುಗೆಯವಳು, ಕೆಲಸ ಅಧ್ಯಕ್ಷನ ಬೆರಳ ತುದಿಯಲ್ಲಿ, ಎಜೆ, ಮುಖ ಕಾಣದ ಹಾಗೆ ಮಾಡ್ತೀನಿ ಎಂದು ಬುರುಲ್ ಅಂದರೆ — ಯಾಕೆ, ನನ್ನ ಮೂತಿ ಅಷ್ಟು ಕೆಟ್ಟದಾಗಿದೆಯಾ, ಸರಿಯಾಗಿ ಹಿಡಿ, ಈ ನಲ್ಲಿ ನೆಟ್ಟಾಗಿಂದ ಒಂದು ಹನಿ ಉದುರಿಸಿಲ್ಲ ನೋಡು, ಇದಕ್ಕಿಂತ ನನ್ನ ಗಂಡ ವಾಸಿ, ಕುಡಿದಾಗಲಾದ್ರೂ ಅಳ್ತಾನೆ — ಸಭಾಂಗಣದ ದೊಡ್ಡ ಪರದೆಯ ಮೇಲೆ ಈ ತುಣುಕು ಬಂದಾಗ ಜನ ಹೊಟ್ಟೆ ಹಿಡಿದು ನಕ್ಕಿದ್ದರು, ಪ್ರಶಸ್ತಿಯ ಅರ್ಧ ಆ ಮಾತಿಗೇ ಬಂದದ್ದು, ಆದರೆ ವೇದಿಕೆಗೆ ಕರೆದದ್ದು ಬುರುಲ್‌ಳನ್ನು, ಮಾರನೆಯ ವಾರ ಕೆಲಸದಿಂದ ತೆಗೆದದ್ದು ಗುಲ್‌ಸುನ್‌ಳನ್ನು. ಕಾರಣ ಏನು ಗೊತ್ತಾ, ಎಂದು ಅವಳೇ ನಕ್ಕು ಹೇಳಿದ್ದಳು, ಶುಚಿತ್ವ ಇಲ್ವಂತೆ, ಪಾತ್ರೆ ಸರಿಯಾಗಿ ತೊಳೆಯಲ್ವಂತೆ ನಾನು — ನಕ್ಕಳು, ನಗು ಅರ್ಧಕ್ಕೇ ಬತ್ತಿತು, ಬುರುಲ್ ಅವಳ ಕೈ ಹಿಡಿದು, ಎಜೆ, ಇದನ್ನೂ ಬರೀತೀನಿ, ನಿಮ್ಮನ್ನ ಮತ್ತೆ ಆ ಅಡುಗೆಮನೇಲಿ ನಿಲ್ಲಿಸ್ತೀನಿ, ಅಂದಿದ್ದಳು, ಯಾವ ಧೈರ್ಯದಲ್ಲಿ ಅಂದಳೋ, ಸಂಪಾದಕರು ಫೋನಿನಲ್ಲಿ — ಅದೇ ಊರಿಂದ ಇನ್ನೊಂದಾ, ಓದೋರಿಗೆ ಬೇಜಾರಾಗತ್ತಮ್ಮಾ, ಈಗಷ್ಟೇ ಪ್ರಶಸ್ತಿ ಬಂದಿದೆ, ಸ್ವಲ್ಪ ಆನಂದಪಡು — ಮೇಲಿನವರ ಕಚೇರಿಗೆ ಹೋದರೆ, ತನಿಖೆ ನಡೀತಿದೆ, ತನಿಖೆ ನಡೆಯುತ್ತಲೇ ಇದೆ, ಇಷ್ಟು ಹೊತ್ತಿಗೆ ಅದು ಚೀನಾ ಗಡಿ ದಾಟಿರಬೇಕು ನಡೆದೂ ನಡೆದೂ. ಬರೆದು ಮುಗಿಸಿದ್ದಾಳೆ ಎರಡನೆಯ ವರದಿಯನ್ನು, ಕಳಿಸುವುದೊಂದೇ ಬಾಕಿ, ಈ ಪತ್ರಿಕೆಯಲ್ಲದಿದ್ದರೆ ಇನ್ನೊಂದು — ಅಷ್ಟರಲ್ಲಿ, ಬುರುಲ್, ಮಗಳೇ, ಇತ್ತ ನೋಡು, ಇಸ್ಮಾನಲಿ ಕುರಿತಲೆಯ ಕಿವಿ ಕೊಯ್ದು ಚಾಕುವಿನ ತುದಿಯಲ್ಲಿ ಚಾಚಿದ್ದಾನೆ, ಕಿವಿ ಚಿಕ್ಕವರಿಗೆ, ಹಿರಿಯರ ಮಾತು ಕೇಳುವ ಬುದ್ಧಿ ಬರಲಿ ಎಂದು ಕೊಡುವುದು, ಎಳೆ ಮಕ್ಕಳಿಗೆ — ತಗೋ, ನೀನು ಬರೀ ಬಾಯಿ ಬೆಳೆಸಿಕೊಂಡೆ, ಕಿವೀನೂ ಬೆಳೀಲಿ, ಅಂದ, ಕೋಣೆಗೆ ಕೋಣೆಯೇ ನಕ್ಕಿತು, ತಾಯಿಯೂ ನಕ್ಕಳು, ಬುರುಲ್ ಕೈ ಚಾಚಿ ತೆಗೆದುಕೊಂಡಳು, ಅಗಿದಳು, ಮೃದ್ವಸ್ಥಿ ಹಲ್ಲಿನ ನಡುವೆ ಕರಕರ, ಯಾಕೆ ತಿಂದೆ, ಯಾಕೆ ಉಗುಳಲಿಲ್ಲ, ಹೊಟ್ಟೆಯೊಳಗೆ ಕೂತು ಆ ಕಿವಿ ಎಲ್ಲ ಕೇಳಿಸಿಕೊಳ್ಳುತ್ತಿದೆ.

ಈಗ ಅವನು ಎದ್ದು ನಿಂತಿದ್ದಾನೆ, ಎಲ್ಲರೂ ಚಹಾ ಬಟ್ಟಲು ಕೆಳಗಿಟ್ಟರು — ನಮ್ಮ ಬುರುಲ್ ನಮ್ಮೂರಿನ ಹೆಸರನ್ನ ರಾಜಧಾನಿವರೆಗೂ ಒಯ್ದಳು, ಇವಳಪ್ಪ ನಾನು ಒಂದೇ ಬೆಂಚಲ್ಲಿ ಕೂತು ಓದಿದೋರು, ಅವನಿದ್ದಿದ್ದರೆ ಇವತ್ತು ಎಷ್ಟು ಹಿಗ್ಗಿರೋನು, ಬಿಸಿರಕ್ತ, ಏನೇನೋ ಬರೆದಳು, ಬರೀಲಿ, ಮಕ್ಕಳ ಮಾತಿಗೆ ಮುನಿಸಿಕೊಂಡ್ರೆ ನಾವು ಹಿರಿಯರಾಗೋದು ಹೇಗೆ, ನಾವೆಲ್ಲ ಒಂದೇ ಕಾಲುವೆ ನೀರು ಕುಡಿದು ಬೆಳೆದೋರು — ಕಾಲುವೆ ನೀರು ಅಂದುಬಿಟ್ಟನಲ್ಲ, ಯಾರಾದರೂ ಕೆಮ್ಮುತ್ತಾರೆಯೇ, ಯಾರೂ ಕೆಮ್ಮಲಿಲ್ಲ, ಬಾಗಿಲ ಬಳಿ ಚಹಾ ಸುರಿಯುವ ಸದ್ದು ಮಾತ್ರ ನಿಂತಿತು, ಅವನ ಕಚೇರಿಯ ಹೆಂಗಸು ಚೀಲ ಬಿಚ್ಚಿ ಅದನ್ನು ಹೊರತೆಗೆದಳು, ಚಪಾನ್, ಕಡುನೀಲಿ ಮಖಮಲ್ಲಿನ ನಿಲುವಂಗಿ, ಅಂಚಿಗೆಲ್ಲ ಚಿನ್ನದ ದಾರದ ಕೊಂಬಿನ ಚಿತ್ತಾರ, ಹೆಂಗಸರ ಸಾಲಿನಲ್ಲಿ ಅಬ್ಬಾ ಎಂಬ ಉಸಿರು, ಬುರುಲ್ ತಾಯಿಯ ಕಡೆ ತಿರುಗಿದಳು, ಓ, ಇದಕ್ಕೇ ಬಂದನೋ ಇವನು, ಅಪಾ, ನಿನಗೆ ಗೊತ್ತಿತ್ತಾ, ತಾಯಿ ತಲೆವಸ್ತ್ರದ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಾಳೆ, ಗೊತ್ತಿತ್ತು. ಹಿಂದೊಮ್ಮೆ ಜಗಳದಲ್ಲಿ ಚಿಕ್ಕಪ್ಪನ ಕಾಲು ಮುರಿದವನು ಹೀಗೇ ಒಂದು ಚಪಾನ್ ತಂದಿದ್ದ, ಹೊದಿಸಿದ, ಚಿಕ್ಕಪ್ಪ ಒಂದು ಗಳಿಗೆ ನೆಲ ನೋಡಿದ, ಆಮೇಲೆ ತೋಳು ತೂರಿಸಿದ, ಅಷ್ಟೇ, ಸಾಯುವವರೆಗೂ ಕುಂಟುತ್ತಲೇ ಅವನ ಮನೆಗೆ ಚಹಾಕ್ಕೆ ಹೋದ, ಮತ್ತೆ ಆ ಕಾಲಿನ ಮಾತು ಎತ್ತಲಿಲ್ಲ, ಎತ್ತುವ ಹಾಗಿಲ್ಲ, ತೋಳು ತೂರಿಸಿದ ಮೇಲೆ ಜಗಳ ಸತ್ತ ಹಾಗೆ, ಸತ್ತದ್ದನ್ನು ಅಗೆದವನಿಗೆ ಊರಿನಲ್ಲಿ ಯಾರೂ ಬೆಂಕಿಯನ್ನೂ ಕೊಡುವುದಿಲ್ಲ. ಹೆಗಲಿಗೆ ಬಿದ್ದದ್ದನ್ನು ಕಿತ್ತೆಸೆದರೆ ಅಪಾ ನಾಳೆಯಿಂದ ಯಾರ ಮನೆಯ ಹೊಸಿಲು ತುಳಿದಾಳು, ತೂರಿಸಿದರೆ ಒಂದು ಫೋಟೋ, ಸಂಜೆಯೊಳಗೆ ಎಲ್ಲರ ಫೋನಿನಲ್ಲಿ, ನೋಡಿ ರಾಜಿಯಾದರು, ಆ ವರದಿಯೂ ಹೋಯಿತು, ಈ ವರದಿಯೂ ಹೋಯಿತು, ನಲ್ಲಿಗಳಿಗೆ ಮತ್ತೊಂದು ಸಲ ಹಸಿರು ಬಣ್ಣ, ಶುಚಿತ್ವ ಇಲ್ಲದವಳು ಊರಿಗೊಬ್ಬಳೇ ಉಳಿದಳು, ಗುಲ್‌ಸುನ್ — ಎದ್ದು ನಿಲ್ಲು ಮಗಳೇ, ಎದ್ದಳು, ಎದ್ದದ್ದು ಮೊಣಕಾಲು, ಅವಳಲ್ಲ, ಭಾರವಾಗಿ ಬಂದು ಬಿತ್ತು ಹೆಗಲಿಗೆ, ಹೊಸ ಬಟ್ಟೆಯ ವಾಸನೆ, ಅವನ ಕೈ ಭುಜ ತಟ್ಟುತ್ತಿದೆ, ಚೆಂದ ಕಾಣ್ತೀಯ, ರಾಣಿ ಹಾಗೆ, ತೋಳು ತೂರಿಸು — ಫೋಟೋ ತೆಗೀಲಾ ಅಣ್ಣಾ, ಕಚೇರಿಯ ಹೆಂಗಸು — ತಡಿಯೇ, ಅವಸರ ಮಾಡಬೇಡ, ತೋಳು ಹಾಕ್ಕೊಳ್ಳಲಿ — ಬುರುಲ್, ತೋಳು, ಅಪಾಳ ದನಿ, ತೋಳಮ್ಮಾ, ಕೈ ಎತ್ತೇ, ಏನಾಯ್ತೇ ನಿನಗೆ — ಕೈಗಳು ಪಕ್ಕಕ್ಕೆ ಅಂಟಿಕೊಂಡಿವೆ, ಲಂಗದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿವೆ, ಎತ್ತುವುದೂ ಇಲ್ಲ, ಕಿತ್ತು ಎಸೆಯುವುದೂ ಇಲ್ಲ, ಅಧ್ಯಕ್ಷನ ನಗು ಹಾಗೆಯೇ ತೆರೆದಿದೆ, ಮುಚ್ಚಲು ಮರೆತಂತೆ, ಬಾಗಿಲ ಬಳಿ ಗುಲ್‌ಸುನ್ ಈಗ ತಲೆ ಎತ್ತಿದ್ದಾಳೆ, ಇವಳ ಮುಖವನ್ನು ನೋಡುತ್ತಿಲ್ಲ, ತೋಳನ್ನು ನೋಡುತ್ತಿದ್ದಾಳೆ, ಎಲ್ಲರೂ ಅದನ್ನೇ ನೋಡುತ್ತಿದ್ದಾರೆ, ಬುರುಲ್ ಕೂಡ ಕಣ್ಣು ಕೆಳಗಿಳಿಸಿ ಅದನ್ನೇ, ನೀಲಿ ಮಖಮಲ್ಲಿನ ತೋಳು, ಒಳಗೆ ಕೈಯಿಲ್ಲದ ತೋಳು — ತೂರಿಸೇ — ಬಾಗಿಲ ಗಾಳಿಗೆ ಮೆಲ್ಲಗೆ ಅಲುಗುತ್ತಿದೆ — ಬುರುಲ್ — ಚಿನ್ನದ ಅಂಚು, ಅದರೊಳಗೆ ಕತ್ತಲೆ, ಖಾಲಿ ತೋಳು — ಫೋಟೋ ಬೇಡ, ಬೇಡ ಅಂದೆನಲ್ಲ, ಕೆಳಗಿಡು ಫೋನು, ಅಧ್ಯಕ್ಷನ ದನಿ — ಖಾಲಿ, ಎಡಗಡೆಯದೂ, ಬಲಗಡೆಯದೂ, ನೇತಾಡುತ್ತಿದೆ, ಖಾಲಿ ತೋಳು, ಖಾಲಿ ತೋಳು