ಎಡ ಅಂಚಿನ ವಿಲ್ಫ್

"ಎತ್ರೋ! ಕೈ ಬಿಡಬೇಡಿ!" ನಾರ್ಮನ್ ಕೂಗಿದ. ಶವದ ಕಾರು ಚರ್ಚಿಗೆ ಹೋಗುವ ಹಿಮಗಟ್ಟಿದ ಏರಿನಲ್ಲಿ ಜಾರಿ, ಅಡ್ಡ ತಿರುಗಿ ಗೋಡೆಗೆ ಒರಗಿತ್ತು. ಐದು ಜನ ಸೇರಿ ಅವನ ಅಪ್ಪ ವಿಲ್ಫ್‌ನ ಪೆಟ್ಟಿಗೆಯನ್ನು ಹೊರಗೆಳೆದರು.

"ಅಮ್ಮಾ, ಹತ್ತಕ್ಕಾಗಲ್ಲ. ನಾಳೆ ನೋಡೋಣ."

"ನಿಮ್ಮಪ್ಪ ಯಾವತ್ತು ಕಣೋ ಅರ್ಧ ದಾರೀಲಿ ವಾಪಸ್ ಬಂದಿದ್ದು? ಹೊತ್ಕೊಂಡು ನಡೀರಿ," ಎಂದಳು ಎನಿಡ್.

"ಐದೇ ಜನ ಇದೀವಿ, ಇನ್ನೊಂದು ಹೆಗಲು ಬೇಕಲ್ಲ!" ಎಂದ ನಾರ್ಮನ್.

ಗುಂಪಿನ ಹಿಂದಿನಿಂದ ದಪ್ಪ ಕುತ್ತಿಗೆಯ ಮುದುಕನೊಬ್ಬ ಟೋಪಿ ತೆಗೆದು ಮುಂದೆ ಬಂದ. "ನಾನು ಹೊರ್ತೀನಮ್ಮ. ಆರ್ಥರ್ ಡೈಸನ್."

ನಾರ್ಮನ್‌ನ ಮುಖ ಕೆಂಪಾಯಿತು. "ಅಪ್ಪನ ಮಂಡಿ ಮುರಿದೋನು! ಇವನು ಪೆಟ್ಟಿಗೆ ಮುಟ್ಟಕೂಡದು."

ಎನಿಡ್ ಆ ಮುದುಕನನ್ನೇ ದಿಟ್ಟಿಸಿದಳು.

*

ಇಂಗ್ಲೆಂಡಿನ ಲ್ಯಾಂಕಷೈರಿನ ಆ ಗಿರಣಿ ಊರಿನ ಫುಟ್‌ಬಾಲ್ ತಂಡ ಮೂರನೆಯ ದರ್ಜೆಯದು. ಪ್ರಾಯದಲ್ಲಿ ವಿಲ್ಫ್ ಅದರ ಎಡ ಅಂಚಿನ ಆಟಗಾರ. ಗೆರೆಗುಂಟ ಚೆಂಡು ಒಯ್ದು ಗೋಲಿನ ಮುಂದಕ್ಕೆ ಒದೆಯುವುದು ಅವನ ಕೆಲಸ, ಗೋಲು ಹೊಡೆದ ಹೆಸರು ಇನ್ನೊಬ್ಬರದು. ಎದುರು ತಂಡದ ಡೈಸನ್‌ನ ಬೂಟು ಮಂಡಿಗೆ ಬಡಿದ ಮೇಲೆ ಡಾಕ್ಟರು, "ನಡೆದಾಡಿದರೆ ಪುಣ್ಯ" ಎಂದಿದ್ದರು.

ಆ ಚಳಿಗಾಲವೆಲ್ಲ ವಿಲ್ಫ್ ಗಿರಣಿಯ ಪಾಳಿಗೆ ಮುಂಚೆ ಇದೇ ಏರು ಹತ್ತಿದ. ಮೊದಲು ಕೋಲೂರಿಕೊಂಡು, ಆಮೇಲೆ ಗೋಡೆ ಹಿಡಿದು, ಕೊನೆಗೆ ಓಡುತ್ತ. "ಸಾಕು ಮಾರಾಯ, ಕುಂಟನಾಗ್ತೀಯ!" ಎಂದು ಎನಿಡ್ ಅತ್ತರೆ, "ಆದ್ರೆ ಓಡೋ ಕುಂಟ ಆಗ್ತೀನಿ ಕಣೇ" ಎಂದ.

ಮರುವರ್ಷ ಮತ್ತೆ ಡೈಸನ್ ಎದುರಾದ. ಮತ್ತೆ ಮತ್ತೆ ಕೆಸರಿಗೆ ಕೆಡವಿದ. ಕೊನೆಗೊಮ್ಮೆ ವಿಲ್ಫ್ ಮೈದಾನದ ಒಳಕ್ಕೆ ಹೊರಳುವವನಂತೆ ಭುಜ ಬಾಗಿಸಿ, ಹೊರಗಿನ ಗೆರೆಯ ಕಡೆಯಿಂದಲೇ ನುಗ್ಗಿಬಿಟ್ಟ. ಗೋಲಾಯಿತು. ಆಟ ಮುಗಿದ ಮೇಲೆ, ಎನಿಡ್ ಪಕ್ಕದಲ್ಲಿರುವಾಗಲೇ, ಡೈಸನ್ ಬಂದು ನಿಂತ.

"ಹೋದ ವರ್ಷ ಬೇಕಂತಲೇ ಒದ್ದೆ ಕಣಯ್ಯ. ಇವತ್ತೂ ಒದೀತಿದ್ದೆ. ಸಿಗಲಿಲ್ಲ ನೀನು."

"ಮುಂದಿನ ವರ್ಷಾನೂ ಬಾ. ಆಗ್ಲೂ ಸಿಗಲ್ಲ," ಎಂದ ವಿಲ್ಫ್. ಹಾಗೆಯೇ ಆಡಿದ, ಯುದ್ಧ ಶುರುವಾಗಿ ಲೀಗು ನಿಲ್ಲುವ ತನಕ.

*

"ನಾರ್ಮನ್, ಜಾಗ ಬಿಡು," ಎಂದಳು ಎನಿಡ್. "ಇವರನ್ನ ದಾಟಬೇಕು ಅಂತಾನೇ ನಿಮ್ಮಪ್ಪ ಈ ಏರಲ್ಲಿ ಓಡಿದ್ದು. ಬನ್ನಿ ಡೈಸನ್, ಹೊರಿ."

ಆರು ಹೆಗಲ ಮೇಲೆ ಪೆಟ್ಟಿಗೆ ಎದ್ದಿತು. ತುಸು ದೂರ ಹೋಗುವಷ್ಟರಲ್ಲಿ ನಾರ್ಮನ್‌ನ ಕಾಲು ಜಾರಿತು, ಪೆಟ್ಟಿಗೆ ವಾಲಿತು. ಡೈಸನ್ ಹಲ್ಲು ಕಚ್ಚಿ ಭಾರಕ್ಕೆ ಬೆನ್ನು ಕೊಟ್ಟ.

"ಏಳು ಮಗಾ. ಹಿಡ್ಕೊಂಡಿದೀನಿ."

ನಾರ್ಮನ್ ಎದ್ದು, ಅವನ ಪಕ್ಕಕ್ಕೇ ಹೆಗಲು ಕೊಟ್ಟ.

ಎನಿಡ್ ಹತ್ತಿರದ ಮನೆಯ ಬಾಗಿಲು ಬಡಿದಳು. "ಕಾಲು ಜಾರ್ತಿದೆ, ಒಲೆ ಬೂದಿ ಇದ್ರೆ ಕೊಡಮ್ಮ!" ಒಂದು ಬಾಗಿಲು ತೆರೆಯಿತು, ಆಚೆ ಇನ್ನೊಂದು. ಹೆಂಗಸರು ಏಪ್ರನ್ನಿನಲ್ಲೇ ಬಕೆಟ್ಟು ಹಿಡಿದು ಹೊರಬಂದರು. ಎಲ್ಲರಿಗಿಂತ ಮುಂದೆ ಎನಿಡ್, ಕರಿ ಕೋಟಿನ ತೋಳು ಮಡಚಿ, ಹಿಡಿಹಿಡಿ ಕಲ್ಲಿದ್ದಲ ಬೂದಿ ಎರಚುತ್ತ ಹತ್ತಿದಳು. ಅವಳ ಹಿಂದೆ, ಬೆಳ್ಳನೆಯ ಏರಿನಲ್ಲಿ, ಕಪ್ಪು ದಾರಿಯೊಂದು ಚರ್ಚಿನ ಕಡೆಗೆ ಉದ್ದವಾಗುತ್ತ ಹೋಯಿತು.