ಬೋರಲಿಟ್ಟ ಡಬ್ಬಿಗಳು

ಮೂವತ್ತೇಳನೆಯ ಡಬ್ಬಿಗೆ ಚಮಚ ತಾಗಿಸುವಷ್ಟರಲ್ಲಿ ಮುಂಬಾಗಿಲ ಬೀಗ ತಾನಾಗಿಯೇ ತಿರುಗಿತು. ಡಬ್ಬಿಯಕ್ಕ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಮನೆಯಲ್ಲಿದ್ದವರು ಇಬ್ಬರೇ. ಅವಳು ಅಡುಗೆಮನೆಯ ನೆಲದ ಮೇಲೆ ಕಪಾಟಿನ ಎದುರು ಕೂತಿದ್ದಳು. ಗಂಡ ಒಳಕೋಣೆಯಲ್ಲಿ, ಕಿಟಕಿಗೆ ಅಡ್ಡ ನಿಲ್ಲಿಸಿದ ಹಾಸಿಗೆಯ ಹಿಂದೆ, ಗಡ್ಡ ಕೆರೆದುಕೊಳ್ಳುತ್ತ ಬಿದ್ದಿದ್ದ. ಬೀಗದ ಕೈ ಅವಳ ಕೊರಳ ದಾರದಲ್ಲೇ ಇತ್ತು. ಬಂದವನು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಬೀಗ ಹಾಕಿಕೊಟ್ಟವನು ಕೆಳಗಿನ ಮನೆಯ ಬೀಗದವನು. "ಅಕ್ಕ, ಇದನ್ನ ನಾನೊಬ್ಬ ಬಿಟ್ರೆ ಇನ್ಯಾರೂ ತೆಗೆಯೋಕಾಗಲ್ಲ" ಎಂದು ಅವತ್ತು ಜಂಬ ಕೊಚ್ಚಿದ್ದ. ಮಾತಿಗೆ ತಪ್ಪುವ ಮನುಷ್ಯ ಅವನಲ್ಲ.

ಅವಳಿಗೆ ಡಬ್ಬಿಯಕ್ಕ ಎಂಬ ಹೆಸರು ಬಿದ್ದದ್ದು ಊರಾಚೆಯ ಮಾಂಸದ ಕಾರ್ಖಾನೆಯಿಂದ. ಇಪ್ಪತ್ತಾರು ವರ್ಷ ಅಲ್ಲಿ ಅವಳ ಕೆಲಸ ಒಂದೇ. ಬೆಂದು, ಮುಚ್ಚಳ ಬಿಗಿದು, ತಣ್ಣಗಾಗಿ ಬಂದ ಡಬ್ಬಿಯ ನೆತ್ತಿಗೆ ಸಣ್ಣ ಕಡ್ಡಿಯಿಂದ ಬಡಿದು ಕಿವಿಗೊಡುವುದು. ಟಣ್ ಎಂದರೆ ಒಳಗಿನ ಮಾಂಸ ಚೆನ್ನಾಗಿದೆ. ಬದ್ ಎಂದರೆ ಒಳಗೆ ಗಾಳಿ ಸೇರಿದೆ, ಮಾಂಸ ವಿಷವಾಗಿದೆ. ಅಂಥದ್ದನ್ನು ಬೋರಲು ಮಾಡಿ ಪಕ್ಕಕ್ಕಿಡಬೇಕು. ಅದರ ಮೇಲೆ ಸುಣ್ಣದ ಗೀಟಿಲ್ಲ, ಚೀಟಿಯಿಲ್ಲ. ಬೋರಲು ಬಿದ್ದ ಡಬ್ಬಿಯನ್ನು ಕಾರ್ಖಾನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಸಂಜೆ ಒಬ್ಬ ಬಂದು ಅವುಗಳಿಗೆ ತೂತು ಹೊಡೆದು ಸುಣ್ಣದ ಗುಂಡಿಗೆ ಎಸೆಯುತ್ತಿದ್ದ.

ಮೈ ನೆಗ್ಗಿದ, ಹೆಸರಿನ ಕಾಗದ ಅಂಟಿಸದ ಡಬ್ಬಿಗಳನ್ನು ಕಾರ್ಖಾನೆಯವರು ಕೆಲಸದವರಿಗೆ ಬಿಟ್ಟಿ ಎನ್ನುವಷ್ಟು ಅಗ್ಗಕ್ಕೆ ಕೊಡುತ್ತಿದ್ದರು. ಊರಿನಲ್ಲಿ ಗಲಾಟೆಯ ಗಾಳಿ ಎದ್ದಾಗ ಉಳಿದವರು ಹಿಟ್ಟಿನ ಮೂಟೆಗೆ ಓಡಿದರೆ, ಅವಳು ಹಳೇ ಪರಿಚಯ ಹಿಡಿದುಕೊಂಡು ವಾರವಾರವೂ ಚೀಲ ತುಂಬಿ ತಂದಳು. ಕಪಾಟು ತುಂಬಿತು, ಮಂಚದ ಕೆಳಗೂ ಸಾಲು ನಿಂತಿತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಗಂಡನಿಗೆ ಅದೊಂದು ತಮಾಷೆ. "ಯುದ್ಧ ಬಂದ್ರೆ ನಾನು ಗುಂಡಿಗೆ ಸಾಯಲ್ಲ ಕಣೇ, ನಿನ್ನ ಡಬ್ಬಿ ತಲೆ ಮೇಲೆ ಬಿದ್ದು ಸಾಯ್ತೀನಿ" ಎನ್ನುತ್ತಿದ್ದ. ಯುದ್ಧ ಬಂದೇ ಬಿಟ್ಟಿತು. ಬೀದಿಯ ಆ ತುದಿ ಒಂದು ಪಡೆಯದು, ಈ ತುದಿ ಇನ್ನೊಂದರದು. ನಡುವಿನ ಬ್ಯಾಂಕಿನ ತಾರಸಿಯ ಮೇಲೆ ಯಾರ ಕಡೆಯವನೆಂದು ಗೊತ್ತಿಲ್ಲದ ಒಬ್ಬ ಬಂದೂಕಿನವನು. ಅಂಗಡಿಗಳು ಸುಟ್ಟುಹೋಗಿ ಏಳು ವಾರವಾಗಿತ್ತು. ಗಂಡ ತಮಾಷೆ ನಿಲ್ಲಿಸಿ ಡಬ್ಬಿಯ ತಳ ಬೆರಳಲ್ಲಿ ಸವರಿ ನೆಕ್ಕುತ್ತಿದ್ದ.

ಬೀಗದವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸರಳು. ಅವನ ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿ ಮೈಮೇಲೆ ನೇತಾಡುತ್ತಿತ್ತು.

"ಮುಗೀತು ಅಂದಿದ್ರಲ್ಲ ಅಕ್ಕ."

ಅಂದದ್ದು ನಿಜ. ಹತ್ತು ದಿನದ ಹಿಂದೆ ಅವನ ಹೆಂಡತಿ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದುಕೊಂಡೇ ಸತ್ತಳು. ಶೆಲ್ ಬಿದ್ದು ಅವಳ ಒಂದು ಕಾಲು ಎಲ್ಲಿ ಹೋಯಿತೆಂದು ಕೊನೆಗೂ ಗೊತ್ತಾಗಲಿಲ್ಲ. ಅವತ್ತು ಡಬ್ಬಿಯಕ್ಕ ಎರಡು ಡಬ್ಬಿ ಕೊಟ್ಟು, "ಇಷ್ಟೇ ಉಳಿದಿದ್ದು ಕಣಪ್ಪ, ನಮ್ಮದೂ ಮುಗೀತು" ಎಂದು ಕಣ್ಣೊರೆಸಿಕೊಂಡಿದ್ದಳು.

"ಭಾನುವಾರ ಭಾನುವಾರ ನೀವು ಬಡೀತೀರಿ, ಕೆಳಗೆ ನಾವು ಎಣಿಸ್ತೀವಿ," ಎಂದ ಬೀಗದವನು. "ನಾನು, ಮಗಳು. ಅವಳಿಗೆ ಅದೊಂದು ಆಟ. ಹೋದ ವಾರ ನಲವತ್ತೆಂಟು. ಇವತ್ತು ಮೂವತ್ತರ ತನಕ ಕೇಳ್ದೆ, ಆಮೇಲೆ ತಡೆಯೋಕಾಗ್ಲಿಲ್ಲ."

ಅವಳು ಕೈಯಲ್ಲಿದ್ದ ಚಮಚ ನೋಡಿದಳು. ತಾನೇ ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತಲ್ಲ! ಬಾಗಿಲಿಗೆ ಬೀಗ, ಕಿಟಕಿಗೆ ಹಾಸಿಗೆ, ಬಾಯಿಗೆ ಸುಳ್ಳು, ಎಲ್ಲಕ್ಕೂ ಅಡ್ಡ ಕಟ್ಟಿದ್ದಳು. ಇಪ್ಪತ್ತಾರು ವರ್ಷದ ಕೈಯ ಚಾಳಿಗೆ ಅಡ್ಡ ಕಟ್ಟಿರಲಿಲ್ಲ.

"ಅರ್ಧ ಕೊಡ್ತೀನಿ ಕಣೋ. ಸರಳು ಕೆಳಗಿಡು."

"ಅರ್ಧ ಅನ್ನೋ ಮಾತು ಅವತ್ತು ಆಡಬೇಕಿತ್ತು."

ಅಷ್ಟರಲ್ಲಿ ಗಂಡ ಎದ್ದು ಬಂದು ಹಿಂದಿನಿಂದ ಅವನ ಕೊರಳಪಟ್ಟಿಗೆ ಕೈಹಾಕಿದ್ದ.

"ಭಾವ, ಬಿಡಿ. ನಾನು ಹೊಡೆಯೋಕೆ ಬಂದಿಲ್ಲ."

"ಮತ್ತೆ ಸರಳು ಯಾಕೋ ತಂದೆ, ಬೆನ್ನು ಕೆರ್ಕೊಳ್ಳೋಕಾ?"

ಬೀಗದವನು ತಿರುಗಿದ ರಭಸಕ್ಕೆ ಸರಳು ಗೋಡೆಗೆ ತಾಗಿ ಗಾರೆ ಉದುರಿತು. ಎರಡನೆಯ ಸಲ ಗಂಡನ ಮುಂಗೈ ಮೇಲೆಯೇ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಮುದುಕ ಕಿರುಚಲೂ ಇಲ್ಲ, ಬಾಯಿ ತೆರೆದುಕೊಂಡು ಕುಸಿದ. ಡಬ್ಬಿಯಕ್ಕನ ಕೈಯಲ್ಲಿದ್ದ ಮೂವತ್ತೇಳನೆಯ ಡಬ್ಬಿ ಅವಳಿಗೇ ಗೊತ್ತಿಲ್ಲದೆ ಹಾರಿ ಬೀಗದವನ ಹುಬ್ಬಿನ ಮೇಲೆ ಬಡಿಯಿತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಕುರುಡನಂತೆ ಕೈ ಬೀಸುತ್ತ ಬಂದ. ಅವಳು ಅವನ ಕಾಲಿಗೆ ಜೋತುಬಿದ್ದು ಮೀನಖಂಡಕ್ಕೆ ಹಲ್ಲು ಹಾಕಿದಳು. ಬಾಯಲ್ಲಿ ಬಟ್ಟೆ, ಬೆವರು, ಉಪ್ಪು. ಅವನು ಇನ್ನೊಂದು ಕಾಲಿನಿಂದ ಅವಳ ಪಕ್ಕೆಗೆ ಒದ್ದ, ಮತ್ತೆ ಒದ್ದ, ಅವಳು ಬಿಡುವ ತನಕ ಒದ್ದ.

ಮೇಜಿನ ಮೇಲಿನ ಬಟ್ಟೆ ಎಳೆದು ನೆಲಕ್ಕೆ ಹಾಸಿ, ಕಪಾಟಿನ ಎಲ್ಲ ಸಾಲುಗಳನ್ನೂ ತೋಳಿನಿಂದ ಬಳಿದು ಅದರ ಮೇಲೆ ಕೆಡವಿ ಗಂಟು ಕಟ್ಟಿದ. ಬಾಗಿಲ ಹತ್ತಿರ ಹೋಗಿ ಒಮ್ಮೆ ನಿಂತ. "ಬೇರೆ ಯಾರಾದ್ರೂ ನುಗ್ಗಿಬಿಟ್ಟಾರು ಅಕ್ಕ, ಬೀಗ ಹಾಕಿ ಹೋಗ್ತೀನಿ" ಎಂದು ಹೊರಗಿನಿಂದ ಬೀಗ ತಿರುಗಿಸಿದ. ಅಷ್ಟು ಹೊಡೆದವನ ಕಾಳಜಿ ನೋಡಿ!

ಮಗ್ಗುಲ ನೋವಿಗೆ ಉಸಿರು ಸಿಗದಿದ್ದರೂ ಅವಳು ತೆವಳಿಕೊಂಡು ಗಂಡನ ಬಳಿ ಹೋದಳು. ಸೌಟಿನ ಹಿಡಿಯನ್ನು ಅವನ ಮುಂಗೈಗೆ ಆನಿಸಿ ಹಳೇ ಸೀರೆಯ ಅಂಚಿನಿಂದ ಬಿಗಿದಳು. ಅವನು ಹಲ್ಲು ಕಚ್ಚಿಕೊಂಡೇ ಬೀಗದವನ ಏಳು ತಲೆಮಾರನ್ನು ಬೈದು ಮುಗಿಸಿದ. ಒಲೆಯ ಕೆಳಗೆ ಉರುಳಿಹೋಗಿದ್ದ ಡಬ್ಬಿಯೊಂದು ಕಂಡಿತು, ಅವಳು ಎಸೆದದ್ದೇ. ಅದನ್ನೆತ್ತಿ, ಇಂಥ ಹೊತ್ತಿನಲ್ಲೂ ಚಮಚದಿಂದ ಬಡಿದಳು. ಟಣ್. ಆಗ ಅವಳಿಗೆ ಬೋರಲಿಟ್ಟ ಡಬ್ಬಿಗಳ ನೆನಪಾಯಿತು.

ಕಪಾಟಿನ ಕೆಳಸಾಲಿನ ಮೂಲೆಯಲ್ಲಿ ನಾಲ್ಕಿದ್ದವು. ನೋಡಿದರೆ ಉಳಿದವುಗಳ ಹಾಗೆಯೇ, ನೆಗ್ಗಿದವು, ಹೆಸರಿಲ್ಲದವು. ಉಬ್ಬಿದ್ದು ಅವಳ ಹೆಬ್ಬೆರಳಿಗೆ ಮಾತ್ರ ಗೊತ್ತಾಗುವಷ್ಟು. ಕೆಳಗಿಳಿದು ಹೂಳೋಣವೆಂದರೆ ಬ್ಯಾಂಕಿನ ತಾರಸಿಯವನು ಬಿಡುವುದಿಲ್ಲ. ಹೊರಗೆಸೆದರೆ ಹಸಿದವರು ಹೆಕ್ಕಿ ತಿನ್ನುತ್ತಾರೆ. ಹಾಗೆಂದು ಬೋರಲು ಮಾಡಿ ಇಟ್ಟಿದ್ದಳು. ಬೋರಲು ಎಂದರೇನೆಂದು ಲೋಕಕ್ಕೆಲ್ಲ ಗೊತ್ತಿದೆ ಎನ್ನುವ ಹಾಗೆ! ಈಗ ಆ ಮೂಲೆ ಖಾಲಿಯಾಗಿತ್ತು.

"ರೀ, ಆ ನಾಲ್ಕನ್ನೂ ತಗೊಂಡು ಹೋಗಿದ್ದಾನೆ."

ಗಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಆ ನೋವಿನಲ್ಲೂ ಅವನ ಮುಖ ಅರಳಿತು. "ತಿನ್ನಲಿ," ಎಂದ. "ಚೆನ್ನಾಗಿ ತಿನ್ನಲಿ ಬೋಳಿಮಗ."

ಅವಳ ಹೊಟ್ಟೆಯೂ ತಣ್ಣಗಾಯಿತು. ಸುಳ್ಳು ಹೇಳಬಾರದು, ನಿಜಕ್ಕೂ ತಣ್ಣಗಾಯಿತು. ಮುರಿದ ಪಕ್ಕೆ ಹಿಡಿದುಕೊಂಡು ಕೂತವಳಿಗೆ ಆ ಒಂದು ಗಳಿಗೆ ಹಾಯಾಗಿತ್ತು. ಅಷ್ಟರಲ್ಲಿ ನೆಲದಡಿಯಿಂದ ಸದ್ದು ಬಂತು. ಉಳಿಯ ಮೇಲೆ ಸುತ್ತಿಗೆಯ ಏಟು. ಬೀಗದವನು ಡಬ್ಬಿ ಒಡೆಯುತ್ತಿದ್ದ. ಹುಡುಗಿ ಏನೋ ಕೂಗಿ ನಕ್ಕಳು. ಎಷ್ಟು ದಿನವಾಗಿತ್ತೋ ಆ ಮನೆಯಿಂದ ನಗು ಕೇಳಿ.

ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದವನೊಬ್ಬ ಒಮ್ಮೆ ಬೋರಲು ಡಬ್ಬಿ ಕದ್ದು ಮನೆಗೊಯ್ದಿದ್ದ. ಡಬ್ಬಿಯಕ್ಕ ಆಸ್ಪತ್ರೆಗೆ ನೋಡಲು ಹೋಗಿದ್ದಳು. ಅವನ ರೆಪ್ಪೆಗಳು ಜೋತುಬಿದ್ದಿದ್ದವು, ನಾಲಿಗೆ ದಪ್ಪಗಾಗಿ ಮಾತು ಹೊರಡುತ್ತಿರಲಿಲ್ಲ. ಬುದ್ಧಿ ಮಾತ್ರ ಸ್ವಚ್ಛವಾಗಿತ್ತು. ಪಕ್ಕದ ಮಂಚದಲ್ಲಿ ಮಗನ ಉಸಿರು ನಿಲ್ಲುವುದನ್ನು ಅವನು ಕೇಳಿಸಿಕೊಂಡ, ಮರುದಿನ ಅವನದೂ ನಿಂತಿತು.

ಅವಳು ಚಮಚವನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದು ಎದ್ದಳು.

"ಎಲ್ಲಿಗೆ? ಕೂತ್ಕೊಳೇ! ನೀನೇನು ತಿನ್ನಿಸ್ತಿದೀಯಾ? ಅವನೇ ಕದ್ಕೊಂಡು ಹೋದ."

"ಹುಡುಗಿ ಕದ್ದಿಲ್ಲ ರೀ."

"ಹೋದ್ರೆ ಕೊಂದೇ ಬಿಡ್ತಾನೆ."

ಅವಳು ಕೊರಳ ಕೀಲಿಯಿಂದ ಬಾಗಿಲು ತೆಗೆದಳು. ಹದಿನೆಂಟು ಮೆಟ್ಟಿಲು. ಒಂದೊಂದಕ್ಕೂ ಪಕ್ಕೆಯೊಳಗೆ ಏನೋ ಚುಚ್ಚಿತು. ಅವನ ಬಾಗಿಲಿಗೆ ಎರಡು ಕೈಯಿಂದ ಗುದ್ದಿದಳು. "ತೆಗಿಯೋ! ತಿನ್ನಬೇಡಿ! ಬಾಗಿಲು ತೆಗಿಯೋ!" ಒಳಗೆ ಸುತ್ತಿಗೆ ನಿಂತಿತು. "ಹೋಗಿ ಅಕ್ಕ, ಇನ್ನೊಂದು ಸಲ ಕೈ ಮಾಡಿಸ್ಬೇಡಿ" ಎಂದ. ಅವಳು ಗುದ್ದುವುದನ್ನು ಬಿಡಲಿಲ್ಲ. ಕೊನೆಗೆ ಅವನು ಬೈಯುತ್ತ ಬಾಗಿಲು ತೆರೆದ. ತೆರೆದದ್ದೇ ತಡ, ಅವಳು ಅವನ ಕಂಕುಳ ಕೆಳಗಿನಿಂದ ಒಳಗೆ ನುಗ್ಗಿದಳು.

ನೆಲದ ಮೇಲೆ ಒಂದು ಡಬ್ಬಿ ಬಳಿದಿಟ್ಟ ಹಾಗೆ ಖಾಲಿಯಾಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಅದರ ಮುಚ್ಚಳ ಉಬ್ಬದೆ ಒಳಕ್ಕೆ ತಗ್ಗಿತ್ತು, ಅದು ಒಳ್ಳೆಯ ಡಬ್ಬಿ. ಎರಡನೆಯದು ಹುಡುಗಿಯ ತೊಡೆಯ ಮೇಲಿತ್ತು. ಉಳಿ ಮಾಡಿದ ತೂತಿನ ಸುತ್ತ ನೊರೆ ಉಕ್ಕಿ ಗುಳ್ಳೆ ಒಡೆಯುತ್ತಿತ್ತು. ಏಳು ವರ್ಷದ ಹುಡುಗಿ ಆ ನೊರೆಗೆ ಬೆರಳು ಹಾಕಿ ಬಾಯಿಗೆ ಒಯ್ಯುತ್ತಿದ್ದಳು. ಡಬ್ಬಿಯಕ್ಕ ಕೈ ಎತ್ತಿ ಬಾರಿಸಿದಳು. ಡಬ್ಬಿ ಒಂದು ಕಡೆ, ಹುಡುಗಿ ಒಂದು ಕಡೆ. ಹುಡುಗಿಯ ಕೈಯನ್ನು ಎಳೆದು ತನ್ನ ಸೆರಗಿನಿಂದ ಬೆರಳು ಬೆರಳನ್ನೂ ತಿಕ್ಕತೊಡಗಿದಳು.

ಬೀಗದವನು ಕಂಡದ್ದು ಇಷ್ಟೇ. ತಾಯಿಯಿಲ್ಲದ ಮಗಳಿಗೆ ಮೇಲುಮನೆಯವಳು ಹೊಡೆದಳು, ಬಾಯಿಗೆ ಹೋಗುವ ತುತ್ತು ಕಿತ್ತಳು. ಸರಳು ಅಡ್ಡಲಾಗಿ ಬಂದು ಅವಳ ದವಡೆಗೆ ಬಡಿಯಿತು. ಕಿವಿಯೊಳಗೆ ಏನೋ ಕಳಚಿದ ಹಾಗಾಯಿತು. ಬಿದ್ದ ಕಡೆಯೇ ಅವಳು ಎರಡು ಹಲ್ಲು ಉಗುಳಿದಳು.

"ನಮಗೆ ಸಿಗಬಾರದು ಅಂತ ಅಲ್ವಾ?" ಅವನು ಅವಳ ಮೇಲೆ ನಿಂತು ಅರಚುತ್ತಿದ್ದ. "ಸಾಯ್ಲಿ ಅಂತ ಅಲ್ವಾ? ಅವಳೂ ಹೋದ್ಲು, ಇವರೂ ಹೋಗ್ಲಿ ಅಂತ ಅಲ್ವಾ?" ಬೆನ್ನಿಗೆ ಇನ್ನೊಂದು ಏಟು ಬಿತ್ತು. ಮೂಲೆಯಲ್ಲಿ ಹುಡುಗಿ ಗೋಡೆಗೆ ಅಂಟಿಕೊಂಡು ಚೀರುತ್ತಿದ್ದಳು.

ವಿಷ ಎಂದು ಹೇಳಲು ಡಬ್ಬಿಯಕ್ಕ ಬಾಯಿ ತೆರೆದಳು. ದವಡೆ ಮಾತು ಕೇಳಲಿಲ್ಲ. ರಕ್ತ ಮತ್ತು ಗಾಳಿ ಮಾತ್ರ ಬಂತು. ಮೂರು ಸಲ ಪ್ರಯತ್ನಿಸಿದಳು. ಇನ್ನೂ ಮೂರು ಡಬ್ಬಿ ಆ ಗಂಟಿನಲ್ಲಿವೆ, ಇವನು ನಾಳೆ ಒಡೆಯುತ್ತಾನೆ, ಹೇಳುವವರು ಯಾರೂ ಇರುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಚಮಚವನ್ನು ಬಲಗೈಯಿಂದ ಎಳೆದುಕೊಂಡಳು. ಕೈ ಚಾಚಿ ಗಂಟಿನ ಬಾಯಿ ಎಳೆದಳು. ಡಬ್ಬಿಗಳು ಉರುಳಿ ಬಂದವು. ಬಿದ್ದಲ್ಲಿಂದಲೇ ಹತ್ತಿರದ್ದನ್ನು ನಿಲ್ಲಿಸಿ ಬಡಿದಳು.

ಟಣ್.

ಅದನ್ನು ಹುಡುಗಿಯ ಕಡೆ ನೂಕಿದಳು. ಇನ್ನೊಂದು. ಟಣ್. ಅದನ್ನೂ ನೂಕಿದಳು. ಸರಳು ಅವಳ ತಲೆಯ ಮೇಲೆ ಎತ್ತಿದಂತೆಯೇ ಇತ್ತು. ಅವಳು ಮೇಲೆ ನೋಡಲಿಲ್ಲ. ಟಣ್. ಟಣ್. ಟಣ್. ಆರನೆಯದಕ್ಕೆ ಚಮಚ ತಾಗಿದಾಗ ಹುಡುಗಿಯ ಅಳು ತಟ್ಟನೆ ನಿಂತಿತು.

ಬದ್.

ಡಬ್ಬಿಯಕ್ಕ ಅದನ್ನು ಬೋರಲು ಮಾಡಿ, ಹುಡುಗಿಯಿಂದ ದೂರ, ನೊರೆ ಚೆಲ್ಲಿದ್ದ ಡಬ್ಬಿಯ ಪಕ್ಕಕ್ಕೆ ತಳ್ಳಿದಳು.

"ಅಪ್ಪಾ," ಎಂದಳು ಹುಡುಗಿ. "ಇದೇ ಅಪ್ಪಾ ಅವತ್ತು ಬಂದ ಶಬ್ದ. ಎಣಿಸಬೇಕಾ ಬೇಡ್ವಾ ಅಂತ ನಾನು ಕೇಳಿದ್ನಲ್ಲ? ಅಜ್ಜಿ ಇದಕ್ಕೆ ಮಾತ್ರ ಎರಡೆರಡು ಸಲ ಬಡೀತಿದ್ರು. ಮುಂದಿನ ವಾರ ಅದು ಇರ್ತಿರ್ಲಿಲ್ಲ."

ಬೀಗದವನು ಮಗಳನ್ನು ನೋಡಿದ. ನೆಲದ ಮೇಲಿನ ನೊರೆಯನ್ನು ನೋಡಿದ. ಬಗ್ಗಿ ಒಮ್ಮೆ ಮೂಸಿದ. ಅವನ ಹುಬ್ಬಿನ ರಕ್ತ ಆ ನೊರೆಯೊಳಕ್ಕೆ ತೊಟ್ಟಿಕ್ಕಿತು. "ಬೆರಳು ಬಾಯಿಗೆ ಹಾಕಿದ್ಯಾ? ಹೇಳು, ಹಾಕಿದ್ಯಾ?" ಎಂದು ಕೂಗುತ್ತ ಮಗಳ ದವಡೆ ಹಿಡಿದು ಬಾಯಿ ಬಿಡಿಸಿ ನೋಡಿದ. "ಇಲ್ಲ ಅಪ್ಪಾ, ಅಜ್ಜಿ ಹೊಡೆದುಬಿಟ್ರು" ಎಂದು ಅವಳು ಮತ್ತೆ ಅಳತೊಡಗಿದಳು.

ಸರಳು ಅವನ ಕೈಯಿಂದ ಯಾವಾಗ ಜಾರಿತೋ, ನೆಲಕ್ಕೆ ಬಿದ್ದ ಸದ್ದು ಮಾತ್ರ ಕೇಳಿತು. ಅವನು ನೆಲದ ಮೇಲೆ ಕುಳಿತ. ಡಬ್ಬಿಯಕ್ಕ ಅವನ ಕಡೆ ನೋಡಲಿಲ್ಲ; ನೋಡಿದ್ದರೆ ಉಗಿಯುತ್ತಿದ್ದಳೋ ಏನೋ. ಅವಳ ಕೈ ಮುಂದಿನ ಡಬ್ಬಿಗಾಗಿ ತಡಕಾಡಿತು. ಡಬ್ಬಿಗಳು ಒಂದು ಗೇಣು ಆಚೆಗಿದ್ದವು, ಪಕ್ಕೆ ಅವಳನ್ನು ಏಳಗೊಡಲಿಲ್ಲ.

ಅವನು ಒಂದನ್ನು ಎತ್ತಿ ಅವಳ ಚಮಚದ ಮುಂದೆ ಇಟ್ಟ. ಅವಳು ಬಡಿದಳು. ಟಣ್. ಇನ್ನೊಂದನ್ನು ಇಟ್ಟ. ಮೇಲಿನಿಂದ ಗಂಡ ಅವಳನ್ನು ಕೂಗುತ್ತಿದ್ದವನು ಕೂಗುವುದನ್ನು ನಿಲ್ಲಿಸಿದ. ಅವನಿಗೂ ಈಗ ಕೆಳಗಿನಿಂದ ಅದು ಕೇಳಿಸುತ್ತಿರಬೇಕು. ಹೊರಗೆ ಬ್ಯಾಂಕಿನ ಕಡೆ ಎರಡು ಗುಂಡು ಹಾರಿದವು. ಬಡಿಯುವ ಕೈ ನಿಂತು, ಸದ್ದು ಅಡಗಿದ ಮೇಲೆ ಮತ್ತೆ ಬಡಿಯಿತು.

ಬದ್.

ಯಾರೂ ಹೇಳುವ ಮೊದಲೇ ಹುಡುಗಿ ಮೊಣಕಾಲ ಮೇಲೆ ತೆವಳಿ ಬಂದಳು. ಎರಡು ಕೈಯಲ್ಲೂ ಆ ಡಬ್ಬಿಯನ್ನು ಹಿಡಿದು, ನಿಧಾನವಾಗಿ ಬೋರಲು ಮಾಡಿ, ಆಚೆಗಿಟ್ಟಳು.